ಭಾವ ಗಾಳಿ ಇಳಿಸಿದ ದಿನ

ಆ ಮಧ್ಯಾಹ್ನ ಕಾರಿನಲ್ಲಿ ನಾವು ನಾಲ್ಕು ಜನ ಇದ್ದೆವು. ಹುಟ್ಟಬೇಕಾದವರನ್ನೂ ಲೆಕ್ಕಕ್ಕೆ ಹಿಡಿದರೆ ಐದು. ಸ್ಟಿಯರಿಂಗ್ ಹಿಡಿದವರು ನನ್ನ ಹೆಂಡತಿಯ ಅಣ್ಣ. ಅವರಿಗೆ ನಾನು ಭಾವ, ನನಗೆ ಅವರು ಭಾವ. ಕಾಗಾಲದಲ್ಲಿ ಮನೆ, ಪಿಕಪ್ ಗಾಡಿಯಲ್ಲಿ ಮೀನಿನ ವ್ಯಾಪಾರ. ಅವರ ಪಕ್ಕದ ಸೀಟಿನಲ್ಲಿ ನಾನು. ನನ್ನದು ಕುಮಟಾ ಪೇಟೆಯಲ್ಲಿ ಬಲೆ, ಹಗ್ಗ ಮಾರುವ ಸಣ್ಣ ಅಂಗಡಿ. ಗಾಡಿ ಓಡಿಸಲು ಬರುವುದಿಲ್ಲ. ಹಿಂದಿನ ಸೀಟಿನಲ್ಲಿ ನನ್ನ ಹೆಂಡತಿ, ಅವಳ ತೊಡೆಯ ಮೇಲೆ ತಲೆಯಿಟ್ಟು ಎಡಮಗ್ಗುಲಾಗಿ ಮಲಗಿದ್ದ ನಮ್ಮ ಮಗಳು. ಚೊಚ್ಚಲ ಬಸುರಿ. ಎಂಟನೇ ತಿಂಗಳು. ಅವಳ ಕಾಲ ಬಳಿ ಬಟ್ಟೆಯ ಚೀಲ, ಗಂಜಿತಿಳಿ ತುಂಬಿದ ಥರ್ಮಾಸು.

ಬೆಳಿಗ್ಗೆ ಕುಮಟಾದ ಡಾಕ್ಟರಮ್ಮ ಮಗಳ ಕಾಲನ್ನು ಬೆರಳಿನಿಂದ ಒತ್ತಿ ನೋಡಿದ್ದರು. ಒತ್ತಿದ ಕಡೆ ಗುಳಿ ಬಿದ್ದು ಹಾಗೆಯೇ ಉಳಿಯಿತು. ರಕ್ತದೊತ್ತಡ ನೋಡಿದವರು ಇನ್ನೊಮ್ಮೆ ನೋಡಿದರು. ಆಮೇಲೆ ನನ್ನನ್ನು ಹೊರಗೆ ಕರೆದು, "ಇವತ್ತೇ ಉಡುಪಿ ಕಡೆಯ ದೊಡ್ಡ ಆಸ್ಪತ್ರೆಗೆ ಒಯ್ಯಿರಿ. ಫಿಟ್ಸ್ ಬಂದರೆ ತಾಯಿಗೂ ಕಷ್ಟ, ಮಗುವಿಗೂ ಕಷ್ಟ. ದಾರಿಯಲ್ಲಿ ಕಣ್ಣ ಮುಂದೆ ಮಿಂಚಿದ ಹಾಗೆ ಆಗ್ತದೆ ಅಂದರೆ ತಡ ಮಾಡಲೇಬೇಡಿ," ಎಂದರು. ಆಂಬುಲೆನ್ಸ್ ಬೇರೊಬ್ಬರನ್ನು ಕರೆದುಕೊಂಡು ಮಂಗಳೂರಿಗೆ ಹೋಗಿತ್ತು. ಅದು ಬರುವವರೆಗೆ ಕಾಯುವ ಧೈರ್ಯ ನಮ್ಮಲ್ಲಿ ಯಾರಿಗೂ ಇರಲಿಲ್ಲ. ಅಘನಾಶಿನಿ ಊರಿನ ನಮ್ಮ ಮನೆಯ ಅಂಗಳದಲ್ಲಿ ಅಳಿಯನ ಕಾರು ನಿಂತಿತ್ತು. ಭಾವ ಹೋಗಿ ತಂದರು.

ಈ ಕಾರಿನ ಬಗ್ಗೆ ಮೊದಲು ಹೇಳಬೇಕು. ಅಳಿಯ ಆಳಸಮುದ್ರಕ್ಕೆ ಹೋಗುವ ಬೋಟಿನಲ್ಲಿ ಎಂಜಿನ್ ನೋಡುವವನು. ಆ ದಿನವೂ ಕಡಲ ಮೇಲೆಯೇ ಇದ್ದ, ಫೋನು ಸಿಗುವ ಜಾಗದಲ್ಲಿ ಇರಲಿಲ್ಲ. ದುಬೈಯಿಂದ ಊರಿಗೆ ಮರಳಿದ್ದ ಭಟ್ಕಳದ ಹುಡುಗನೊಬ್ಬನ ಹತ್ತಿರ ಈ ಕಾರನ್ನು ಸೆಕೆಂಡ್‌ ಹ್ಯಾಂಡ್‌ ತೆಗೆದುಕೊಂಡಿದ್ದ. ಆ ಹುಡುಗ ಕಂಪನಿ ಕೊಟ್ಟ ಚಕ್ರ ಕಿತ್ತು, ಹದಿನೇಳು ಇಂಚಿನ ಹೊಳೆಯುವ ಅಲಾಯ್ ಚಕ್ರ ಹಾಕಿಸಿದ್ದ. ಅದರ ಸುತ್ತ ತೆಳ್ಳಗಿನ ಟಯರು. ಲೋ-ಪ್ರೊಫೈಲ್ ಎನ್ನುತ್ತಾರೆ. ಕಬ್ಬಿಣಕ್ಕೂ ನೆಲಕ್ಕೂ ನಡುವೆ ನಾಲ್ಕು ಬೆರಳಿನಷ್ಟು ರಬ್ಬರು, ಅಷ್ಟೆ. ಮೊದಲ ಸಲ ನೋಡಿದಾಗ ಭಾವ ಅದರ ಸುತ್ತ ಒಂದು ಸುತ್ತು ಬಂದು, "ಇದು ಟಯರಾ, ಬಳೆಯಾ ಮಾರಾಯಾ? ನಮ್ಮ ಪಿಕಪ್ಪಿನ ಟಯರಿನ ಮುಂದೆ ಇದು ತಟ್ಟೆಯ ಅಂಚು," ಎಂದು ನಕ್ಕಿದ್ದರು. ಅಳಿಯ ಮಾತ್ರ ಆ ಟಯರಿಗೆ ಮನಸೋತಿದ್ದ. ಊಟಕ್ಕೆ ಕೂತರೂ ಅದೇ ಮಾತು. ಮಗಳು ಬೇಸತ್ತು, "ಅವ್ರಿಗೆ ನನ್ನ ಹುಟ್ಟಿದ ದಿನ ನೆನಪಿಲ್ಲ ಆಯೀ, ಟಯರಿನ ನಂಬರು ಮಾತ್ರ ಬಾಯಿಪಾಠ," ಎಂದು ತಾಯಿಯ ಹತ್ತಿರ ದೂರಿದ್ದಳು. ಆ ದೂರು ಮುಂದೆ ನಮ್ಮನ್ನು ಉಳಿಸುತ್ತದೆ ಎಂದು ಯಾರಿಗೆ ಗೊತ್ತಿತ್ತು?

ಡಾಕ್ಟರಮ್ಮನ ಅಂಗಳದಲ್ಲಿ ಮಗಳನ್ನು ಕಾರಿನಲ್ಲಿ ಮಲಗಿಸಿ ಆಯಿತು. ಹೊರಡಬೇಕು ಎನ್ನುವಾಗ ಭಾವ ಕೀಲಿ ಹಿಡಿದು ಕೆಳಗೆ ಕೂತರು. ಒಂದೊಂದೇ ಚಕ್ರದ ವಾಲ್ವಿನ ಮುಚ್ಚಳ ತಿರುಗಿಸಿ, ಕೀಲಿಯ ತುದಿಯಿಂದ ಪಿನ್ನು ಒತ್ತಿದರು. ಸ್‌ಸ್‌ಸ್ ಎಂದು ಗಾಳಿ ಹೋಯಿತು.

ನಮ್ಮ ಕಡಲತಡಿಯಲ್ಲಿ ಇದು ಎಲ್ಲರೂ ಮಾಡುವುದೇ. ಬೋಟಿನಿಂದ ಮೀನು ಹೇರಲು ಪಿಕಪ್ ಮರಳಿಗೆ ಇಳಿಸುವಾಗ ಗಾಳಿ ಇಳಿಸುತ್ತಾರೆ. ಟಯರು ಅಗಲವಾಗಿ ಕೂತು, ಮರಳಿನಲ್ಲಿ ಹೂಳುವುದಿಲ್ಲ. ಅದರ ಜೊತೆಗೆ ಇನ್ನೊಂದು ರೂಢಿಯೂ ಇದೆ. ಪಿಕಪ್ಪಿನಲ್ಲಿ ಬಸುರಿಯನ್ನೋ ಕಾಲು ಮುರಿದವರನ್ನೋ ಕೂರಿಸಿದರೆ ಆಗಲೂ ಗಾಳಿ ಇಳಿಸುತ್ತಾರೆ, ಗಾಡಿ ಕುಕ್ಕಬಾರದು ಎಂದು. ನನ್ನ ಮಗಳು ಹುಟ್ಟುವ ಸಮಯದಲ್ಲಿ ನನ್ನ ಹೆಂಡತಿಯನ್ನು ಇದೇ ಭಾವ ಮೀನಿನ ಪಿಕಪ್ಪಿನಲ್ಲಿ, ಬುಟ್ಟಿ ಇಳಿಸಿದ ಜಾಗದಲ್ಲಿ ಹಾಸಿಗೆ ಹಾಸಿ, ಹೀಗೇ ಗಾಳಿ ಇಳಿಸಿ ಕುಮಟಾಕ್ಕೆ ತಂದಿದ್ದರು. "ತೊಟ್ಟಿಲಲ್ಲಿ ಬಂದ ಹಾಗೆ ಬಂದೆ," ಎಂದು ಅವಳು ಇಂದಿಗೂ ಹೇಳುತ್ತಾಳೆ, ಮೀನಿನ ವಾಸನೆಯ ಮಾತನ್ನು ಬಿಟ್ಟು.

ಒಳಗಿನಿಂದ ಮಗಳು ಆ ಸದ್ದು ಕೇಳಿದಳು. "ಮಾವಾ, ಎಂತ ಮಾಡ್ತ್ರಿ?"

"ನೀ ಸುಮ್ನೆ ಮಲ್ಗು ತಂಗಿ. ಸ್ವಲ್ಪ ಮೆತ್ತಗೆ ಮಾಡ್ತೆ. ನಿಂಗೆ ಗಾಡಿ ಕುಕ್ಕಬಾರ್ದು."

"ಅವ್ರು ಇಳಿಸ್ಬೇಡಾ ಹೇಳಿದ್ರು…"

"ಅವ ಬೋಟಿನವ. ರಸ್ತೆ ವಿಚಾರ ಅವಂಗೆ ಎಂತ ಗೊತ್ತು?"

"ಅಣ್ಣ ಮಾಡ್ಲಿ ಬಿಡೇ," ಎಂದಳು ನನ್ನ ಹೆಂಡತಿ. ಮಗಳು ಕಣ್ಣು ಮುಚ್ಚಿಕೊಂಡಳು. ಅವಳಿಗಾಗಿಯೇ ಬಿಸಿಲಲ್ಲಿ ಕೂತು, ಬೆವರು ಒರೆಸಿಕೊಳ್ಳುತ್ತ, ನಾಲ್ಕೂ ಚಕ್ರಕ್ಕೆ ಅಷ್ಟು ಪ್ರೀತಿಯಿಂದ ಕೀಲಿ ಒತ್ತುವ ಸೋದರಮಾವನಿಗೆ ಬೇಡ ಎನ್ನಲು ಬಾಯಿ ಬರಬೇಕಲ್ಲ.

ಹೊರಟೆವು. ಹಳದೀಪುರ ದಾಟುವವರೆಗೆ ಕಾರು ನಿಜಕ್ಕೂ ಮೆತ್ತಗೆ ಹೋಗುತ್ತಿತ್ತು. ಮೇ ತಿಂಗಳ ಬಿಸಿಲು. ರಸ್ತೆಯ ಮೇಲೆ ನೀರು ಚೆಲ್ಲಿದಂತೆ ಬಿಸಿಲ್ಗುದುರೆ. ಭಾವ ಗಳಿಗೆಗೊಮ್ಮೆ ಕನ್ನಡಿಯಲ್ಲಿ ಹಿಂದೆ ನೋಡಿ, "ಹೆಂಗದೆ ತಂಗಿ?" ಎನ್ನುವುದು, ಅವಳು "ಅಡ್ಡಿಲ್ಲ ಮಾವಾ," ಎನ್ನುವುದು. ನಾನು ಮುಂದೆ ನೋಡುತ್ತ ಕೂತಿದ್ದೆ. ನನ್ನ ಕೈ ತಣ್ಣಗಿತ್ತು. ನಮ್ಮ ಅಜ್ಜಿ ಹೇಳುತ್ತಿದ್ದಳು, ಹೆದರಿಕೆ ಮೊದಲು ಕೈಗೆ ಬರುತ್ತದೆ, ಆಮೇಲೆ ಹೊಟ್ಟೆಗೆ, ಬಾಯಿಗೆ ಕೊನೆಗೆ ಎಂದು. ನನ್ನದು ಇನ್ನೂ ಕೈಯಲ್ಲಿಯೇ ಇತ್ತು.

ಹೊನ್ನಾವರ ದಾಟಿ ಶರಾವತಿಯ ಸೇತುವೆಗೆ ಬಂದೆವು. ಸೇತುವೆ ಮುಗಿದು ರಸ್ತೆ ಶುರುವಾಗುವ ಕಡೆ ಒಂದು ಮೆಟ್ಟಿಲಿನಂಥ ಅಂಚು. ಪಿಕಪ್ಪಿನವರಿಗೆ ಅದು ಲೆಕ್ಕಕ್ಕೇ ಇಲ್ಲ. ಕಾರಿನ ಮುಂದಿನ ಚಕ್ರ ಅದಕ್ಕೆ ಬಡಿದದ್ದೇ, ಠಣ್ ಎಂಬ ಸದ್ದು. ರಬ್ಬರಿನ ಸದ್ದಲ್ಲ, ಕಬ್ಬಿಣದ್ದು. ದೋಣಿಯ ತಳ ಬಂಡೆಗೆ ತಾಗಿದಾಗ ಕಾಲಿನ ಕೆಳಗಿನಿಂದ ಎದೆಗೆ ಏರುವ ಸದ್ದು ಇರುತ್ತದಲ್ಲ, ಹಾಗೆ. ಹಿಂದೆ ಮಗಳು "ಆಯೀ" ಎಂದಳು.

"ಎಂತದು ಭಾವಾ?" ಎಂದೆ.

"ಎಂತಿಲ್ಲ, ಎಂತಿಲ್ಲ. ಅಂಚು."

ಕಾಸರಕೋಡು ದಾಟಿತು. ಸ್ಟಿಯರಿಂಗ್ ಹಿಡಿದ ಭಾವನ ಕೈ ಸಣ್ಣಗೆ ನಡುಗುತ್ತಿರುವುದನ್ನು ನಾನು ನೋಡಿದೆ. ಅವರಿಗೂ ಹೆದರಿಕೆಯಾಗಿದೆ ಎಂದುಕೊಂಡೆ. ಆಮೇಲೆ ನೋಡಿದರೆ ನಡುಗುತ್ತಿದ್ದುದು ಕೈಯಲ್ಲ, ಸ್ಟಿಯರಿಂಗೇ. ಮಂಕಿಯ ಹತ್ತಿರ ಬರುವಾಗ ನಡುಕ ಸೀಟಿಗೂ ಬಂತು. ಚಕ್ರ ಒಂದು ಸುತ್ತು ಬಂದಾಗ ಒಮ್ಮೆ ಕುಂಟುವ ಹಾಗೆ, ಧಪ್, ಧಪ್, ಧಪ್.

"ನಿಲ್ಸು ಭಾವಾ."

ಒಂದು ಗೋಳಿಮರದ ನೆರಳಲ್ಲಿ ನಿಲ್ಲಿಸಿದರು. ಇಬ್ಬರೂ ಇಳಿದೆವು. ಮುಂದಿನ ಎಡಗಡೆಯ ಟಯರಿನ ಪಕ್ಕೆಯಲ್ಲಿ ಒಂದು ಉಬ್ಬು ಎದ್ದಿತ್ತು. ಮೊಟ್ಟೆ ತುಂಬಿದ ಮೀನಿನ ಹೊಟ್ಟೆಯ ಹಾಗೆ, ನುಣ್ಣಗೆ, ಬಿಗಿಯಾಗಿ, ಒಂದು ಮುಷ್ಟಿಯಷ್ಟು. ನಾನು ಮುಟ್ಟಲು ಹೋದವನು ಕೈ ಹಿಂದಕ್ಕೆ ತೆಗೆದೆ. ಯಾವ ಗಳಿಗೆಯಲ್ಲಾದರೂ ಒಡೆಯಬಹುದು ಎನ್ನಿಸುವ ಹಾಗಿತ್ತು ಅದು. ಹಿಂದಿನ ಸೀಟಿನಲ್ಲಿ ಒಂದು ಹೊಟ್ಟೆ, ಇಲ್ಲಿ ಒಂದು ಹೊಟ್ಟೆ. ಅಂಥ ಹೊತ್ತಿನಲ್ಲಿ ತಲೆ ಎಂಥೆಂಥದನ್ನೋ ಹೋಲಿಸಿ ನೋಡುತ್ತದೆ, ಬೇಡವೆಂದರೂ ಬಿಡುವುದಿಲ್ಲ. ಈಗ ಹೆದರಿಕೆ ನನ್ನ ಹೊಟ್ಟೆಗೆ ಬಂದಿತ್ತು.

ಸ್ಟೆಪ್ನಿ ಹಾಕೋಣ ಎಂದು ಡಿಕ್ಕಿ ತೆಗೆದೆವು. ಸ್ಟೆಪ್ನಿ ಇರಬೇಕಾದ ಕುಳಿಯಲ್ಲಿ ಚಕ್ರದ ಬದಲು ಒಂದು ದೊಡ್ಡ ದುಂಡನೆಯ ಸ್ಪೀಕರು ಕೂತಿತ್ತು. ದುಬೈ ಹುಡುಗನ ಕೆಲಸ.

"ಥೂ ಇವ್ನ! ಪದ್ಯ ಕೇಳೂಕೆ ಚಕ್ರ ತೆಗ್ದ ಇಟ್ಟಾನೆ!" ಭಾವ ಡಿಕ್ಕಿಯನ್ನು ಧಡ್ ಎಂದು ಮುಚ್ಚಿದರು. ಒಳಗೆ ಮಗಳು ಬೆಚ್ಚಿದ್ದು ಕಿಟಕಿಯಲ್ಲಿ ಕಂಡಿತು.

ಭಟ್ಕಳದ ಆಸ್ಪತ್ರೆಗೆ ಫೋನು ಮಾಡಿದೆ. ಆಂಬುಲೆನ್ಸ್ ಬರುತ್ತದೆ, ಆದರೆ ಯಾವಾಗ ಎಂದು ಹೇಳಲು ಆಗುವುದಿಲ್ಲ ಎಂದರು. ನಡುರಸ್ತೆಗೆ ಹೋಗಿ ಕೈ ತೋರಿಸಿದೆ. ಎರಡು ಕಾರು ನಿಲ್ಲಲಿಲ್ಲ. ಒಂದು ಲಾರಿ ನಿಂತಿತು, ಅದರ ಕ್ಯಾಬಿನ್ನಿಗೆ ಮಗಳನ್ನು ಹತ್ತಿಸುವುದು ಹೇಗೆ? ಲಾರಿಯವನೇ ತಲೆ ಅಲ್ಲಾಡಿಸಿ, ಕಾಯ್ಕಿಣಿ ಹತ್ತಿರ ರಸ್ತೆ ಬದಿಗೆ ಟಯರಿನ ಅಂಗಡಿ ಇದೆ, ಮುರ್ಡೇಶ್ವರಕ್ಕೆ ಬರುವವರ ದೊಡ್ಡ ದೊಡ್ಡ ಕಾರಿನ ಟಯರೂ ಇಟ್ಟಿದ್ದಾನೆ ಎಂದು ಹೇಳಿ ಹೋದ.

ತಿರುಗಿ ಬಂದರೆ ಭಾವ ಉಬ್ಬಿದ ಟಯರಿನ ಮುಂದೆ ಕೂತಿದ್ದಾರೆ. ಕೈಯಲ್ಲಿ ಮತ್ತೆ ಅದೇ ಕೀಲಿ. ವಾಲ್ವಿನ ಮುಚ್ಚಳ ತೆಗೆದಾಗಿದೆ.

"ಎಂತ ಮಾಡ್ತೆ?"

"ಇನ್ನೂ ಸ್ವಲ್ಪ ಬಿಡ್ತೆ. ಗಾಳಿ ಹೆಚ್ಚಾಗಿ ಉಬ್ಬಿದ್ದು ಅಲ್ದಾ? ಬಿಟ್ರೆ ತಗ್ಗೂದು."

"ಬೇಡಾ ಮಾವಾ!"

ಅದು ಮಗಳ ದನಿ. ಕಿಟಕಿಯ ಅಂಚು ಹಿಡಿದು ಅರ್ಧ ಎದ್ದು ಕೂತಿದ್ದಳು. ಊದಿದ ಮುಖ, ಒಣಗಿದ ತುಟಿ. ಮಾವನ ಎದುರು ಅವಳು ದನಿ ಏರಿಸಿದ್ದನ್ನು ನಾನು ಅದಕ್ಕೂ ಮೊದಲು ಕೇಳಿರಲಿಲ್ಲ.

"ಗಾಳಿ ಹೆಚ್ಚಾಗಿ ಅಲ್ಲ ಮಾವಾ. ಕಮ್ಮಿ ಆಗಿ. ಅಂಚಿಗೆ ಬಡ್ದಾಗ ಕಬ್ಬಿಣ ಬಂದು ಟಯರನ್ನ ಜಜ್ಜಿತು. ಒಳ್ಗಿನ ನೂಲು ಹರ್ದದೆ. ಅದ್ಕೇ ಉಬ್ಬಿದ್ದು. ಇನ್ನೂ ಬಿಟ್ರೆ ಪೂರ್ತಿ ಹೋತು."

ನೂಲು ಎಂದದ್ದೇ ನನಗೆ ತಿಳಿಯಿತು. ಬಲೆ ಮಾರುವವನಲ್ಲವೇ. ಟಯರಿನ ಪಕ್ಕೆಯೊಳಗೆ ರಬ್ಬರನ್ನು ಬಿಗಿಹಿಡಿಯಲು ನೂಲಿನ ಹೆಣಿಗೆ ಇರುತ್ತದಂತೆ. ಬಲೆಯ ಎರಡು ಕಣ್ಣು ಹರಿದ ಕಡೆ ಮೀನಿನ ರಾಶಿಯೆಲ್ಲ ಅಲ್ಲಿಗೇ ನುಗ್ಗಿ ಹೊರಕ್ಕೆ ಜೋತುಬೀಳುವುದನ್ನು ಎಷ್ಟು ಸಲ ನೋಡಿಲ್ಲ. ಇನ್ನೊಂದು ಕಣ್ಣು ಹರಿದರೆ ಎಲ್ಲ ನೀರಿಗೆ. ಈ ಟಯರಿನಲ್ಲಿ ಎಷ್ಟು ಕಣ್ಣು ಉಳಿದಿವೆ ಎಂದು ನೋಡುವ ಹಾಗೂ ಇರಲಿಲ್ಲ.

ಭಾವ ಕೀಲಿ ಹಿಡಿದ ಕೈಯನ್ನು ಮಡಿಲಿಗೆ ಇಳಿಸಿದರು. ಮುಚ್ಚಳ ಕೆಳಗೆ ಬಿತ್ತು. ನಾನೇ ಹೆಕ್ಕಿ ಹಾಕಿದೆ. "ನಾ ಮೆತ್ತಗಾಗ್ಲಿ ಹೇಳಿ…" ಎಂದು ನನ್ನ ಕಡೆ ನೋಡಿದರು. ಸಮುದ್ರದಲ್ಲಿ ಗಾಳಿ ಎದ್ದಾಗಲೂ ನಗುವ ಮನುಷ್ಯ. ಆ ಮುಖ ನೋಡಿದ ಮೇಲೆ ನನ್ನ ಧೈರ್ಯವೂ ಹೋಯಿತು.

ಆಗ ಮಗಳು ತಾಯಿಗೆ ಮೆಲ್ಲಗೆ ಹೇಳಿದ್ದು ನನಗೂ ಕೇಳಿಸಿತು. "ಆಯೀ, ಕಣ್ಣ ಮುಂದೆ ಎಂತದೋ ಮಿಣಮಿಣ ಅಂತದೆ."

ಆಮೇಲೆ ಯಾರೂ ಯಾರನ್ನೂ ಕೇಳಲಿಲ್ಲ. ಕಾರು ಹತ್ತಿದೆವು. ಕಾಯ್ಕಿಣಿಯವರೆಗೆ ಹೋಗುವುದು, ಟಯರು ಒಡೆದರೆ ಒಡೆಯಲಿ ಎಂದು. ಹಾಗೆ ಬಾಯಲ್ಲಿ ಹೇಳಿದೆವು, ಅಷ್ಟೆ. ಭಾವ ಎಡಗಡೆಯ ಅಂಚು ಹಿಡಿದು, ಸೈಕಲ್ಲಿನವನಿಗೂ ದಾರಿ ಬಿಟ್ಟುಕೊಡುವಷ್ಟು ನಿಧಾನ ಓಡಿಸಿದರು. ಹಿಂದಿನಿಂದ ಲಾರಿಗಳು ಹಾರ್ನು ಬಾರಿಸುತ್ತ, ಬೈಯುತ್ತ ದಾಟಿದವು. ದಾಟುವಾಗ ಎಬ್ಬಿಸಿದ ಗಾಳಿಗೆ ಕಾರು ಓಲಾಡುತ್ತಿತ್ತು. ಧಪ್, ಧಪ್, ಧಪ್. ನಾನು ಕಿಟಕಿಯಿಂದ ತಲೆ ಹೊರಗೆ ಹಾಕಿ ಚಕ್ರ ನೋಡಲು ಹೋದೆ, ಏನೂ ಕಾಣಲಿಲ್ಲ. ಕಿವಿಯೊಂದೇ ಗತಿ. ಸದ್ದು ಇರುವವರೆಗೆ ಟಯರು ಇದೆ ಎಂದು ಲೆಕ್ಕ. ಸದ್ದು ಒಂದು ಗಳಿಗೆ ಕಮ್ಮಿಯಾದರೆ ಎದೆ ಹಾರುತ್ತಿತ್ತು, ಜೋರಾದರೂ ಹಾರುತ್ತಿತ್ತು. ಹೆಂಡತಿ ಊರಿನ ಎಲ್ಲ ದೇವರ ಹೆಸರು ಮುಗಿಸಿ, ತನ್ನ ತವರಿನ ದೇವರುಗಳಿಗೆ ಬಂದಿದ್ದಳು. ನಾನು ದೇವರ ಹೆಸರು ಹೇಳಲಿಲ್ಲ. ಗುಂಡಿ ಬರುತ್ತದೆ, ಹೊಂಡ ಬರುತ್ತದೆ ಎಂದು ಭಾವನಿಗೆ ಹೇಳುವುದೇ ನನ್ನ ಮಂತ್ರ. ಅವರಿಗೂ ಕಾಣುತ್ತಿತ್ತು. ಆದರೂ ಹೇಳುತ್ತಿದ್ದೆ.

ಕಾಯ್ಕಿಣಿಯ ಅಂಗಡಿ ಒಂದು ತಗಡಿನ ಚಪ್ಪರ. ಮುಂದೆ ಟಯರುಗಳ ಗೋಪುರ. ಅಂಗಡಿಯವರು ಭಟ್ಕಳದ ನವಾಯತರು, ನನ್ನ ವಯಸ್ಸಿನವರೇ. ಟಯರು ನೋಡುವ ಮೊದಲು ಹಿಂದಿನ ಸೀಟು ನೋಡಿದರು. "ಯಾ ಅಲ್ಲಾ," ಎಂದು, ಒಳಗಿದ್ದ ಫ್ಯಾನು ತಂದು ಕಾರಿನ ಬಾಗಿಲ ಬಳಿ ಇಟ್ಟು ಮಗಳ ಮುಖಕ್ಕೆ ತಿರುಗಿಸಿದರು. "ಫಿಕರ್ ಮಾಡ್ಬೇಡಿ. ಈಗ ಮಾಡಿ ಬಿಡ್ತೇನೆ."

ಹದಿನೇಳು ಇಂಚಿನದು ಎರಡು ಟಯರು ಇದ್ದವು. ಒಂದು ಎತ್ತರದ್ದು, ದಪ್ಪದ್ದು, ಹೆಚ್ಚುಕಡಿಮೆ ಹೊಸದು. ಇನ್ನೊಂದು ನಮ್ಮದರ ಹಾಗೆಯೇ ತೆಳ್ಳಗಿನದು, ಓಡಿದ್ದು. ಯಾವುದೋ ಪ್ರವಾಸಿಯ ಕಾರಿನದಂತೆ.

"ಆ ದಪ್ಪದ್ದೇ ಹಾಕಿ," ಎಂದರು ಭಾವ. ತೆಳ್ಳಗಿನ ಟಯರಿನ ಮೇಲೆ ಅವರಿಗೆ ಸಿಟ್ಟು ಬಂದಿತ್ತು. "ಹದಿನೇಳಕ್ಕೆ ಹದಿನೇಳು. ಕೂಡ್ತದೆ ಅಲ್ದಾ?"

"ಕೂಡೋದು ಕೂಡ್ತದೆ ಭಾಯಿ. ಒಳಗೆ ತಿರುಗ್ಬೇಕಲ್ಲ. ನಂಗೂ ಖಾತ್ರಿ ಇಲ್ಲ. ಹಾಕಿ ನೋಡುವಾ?"

ಹಾಕಿ ನೋಡಿದರು. ಮಗಳನ್ನು ಇಳಿಸದೆ, ಜಾಕಿಗೆ ಕಾರು ಏರುವಾಗ ನಾನೂ ಹೆಂಡತಿಯೂ ಎರಡು ಕಡೆಯಿಂದ ಬಾಗಿಲು ಹಿಡಿದು ನಿಂತೆವು, ನಾವು ಹಿಡಿದರೆ ಕಾರು ನಿಲ್ಲುತ್ತದೆ ಎನ್ನುವ ಹಾಗೆ. ಚಕ್ರ ಕೂತಿತು. ಭಾವ ಸ್ಟಿಯರಿಂಗ್ ತಿರುಗಿಸಿದ್ದೇ ಕರ್ರ್ ಎಂದು ಟಯರು ಒಳಗಿನ ಮಡ್‌ಗಾರ್ಡಿಗೆ ಉಜ್ಜಿತು. ನೇರ ಹೋದರೆ ಅಡ್ಡಿಯಿಲ್ಲ, ತಿರುಗಿಸಿದರೆ ಹಿಡಿಯುತ್ತದೆ. ಉಡುಪಿಯವರೆಗೆ ತಿರುಗಿಸದೆ ಹೋಗಲು ಅದೇನು ರೈಲೇ?

"ಅದು ಆಗೂದಿಲ್ಲ ಅಪ್ಪಾ," ಎಂದಳು ಮಗಳು, ಕಣ್ಣು ಮುಚ್ಚಿಕೊಂಡೇ. "ಮೂರು ನಂಬರೂ ಒಂದೇ ಇರ್ಬೇಕು. ಇನ್ನೂರಾ ಹದಿನೈದು, ನಲವತ್ತೈದು, ಹದಿನೇಳು. ಮೊದಲ್ನೇದು ಅಗಲ. ನಡೂದು ಎತ್ತರ, ಅಗಲದ ನೂರು ಪಾಲಿನಲ್ಲಿ ನಲವತ್ತೈದು. ಕೊನೇದು ಚಕ್ರ. ಇಂಚು ದೊಡ್ಡದು ಮಾಡ್ದಾಗ ರಬ್ಬರ್ ತೆಳ್ಳಗೆ ಮಾಡೂದು ಅದಕ್ಕೇ ಅಂತೆ, ಒಟ್ಟು ಎತ್ತರ ಕಂಪನಿ ಕೊಟ್ಟಷ್ಟೇ ಇರೂಕೆ."

ಅಂಗಡಿಯವರು ದಪ್ಪದ ಟಯರಿನ ಪಕ್ಕೆಗೆ ಬಗ್ಗಿ ನೋಡಿದರು. "ನಡುವಿನದು ಅರವತ್ತು ಇದೆ. ಬೇಟಿ ಹೇಳಿದ್ದು ಸರಿ." ಬಿಚ್ಚಲು ಶುರುಮಾಡಿದರು. ಹೋದ ಹೊತ್ತು ಹೋಗಿತ್ತು.

"ತೆಳ್ಳಗಿಂದ್ರ ಮೇಲೆ, ಮೂರು ನಂಬರ್ ಆದ್ಮೇಲೆ ಇನ್ನೊಂದು ಇರ್ತದೆ. ತೊಂಬತ್ತೊಂದು ಅದ್ಯಾ ನೋಡಿ," ಎಂದಳು ಮಗಳು. "ಭಾರ ಹೊರೂದು ಅದು. ಕಮ್ಮಿ ಇದ್ರೆ ಬೇಡಾ."

ನಾನು ಕನ್ನಡಕ ಹಣೆಗೆ ಏರಿಸಿ, ರಬ್ಬರಿಗೆ ಮೂಗು ತಾಗುವಷ್ಟು ಬಗ್ಗಿ ನೋಡಿದೆ. ಮೂರು ನಂಬರೂ ಅವೇ, ನಾಲ್ಕನೆಯದು ತೊಂಬತ್ತೊಂದೇ ಇತ್ತು. ನನಗೆ ಅಳು ಬಂತು. ಆ ಹುಡುಗಿ ಅನ್ನ ಬಡಿಸುತ್ತ, ಗಂಡನ ಟಯರು ಪುರಾಣಕ್ಕೆ ಹೂಂ ಹೂಂ ಎನ್ನುತ್ತ, ಇಷ್ಟೆಲ್ಲ ಕಿವಿಯಲ್ಲಿ ಇಟ್ಟುಕೊಂಡಿದ್ದಾಳೆ. ಈಗ ಕಣ್ಣ ಮುಂದೆ ಮಿಂಚು ಹುಳ ಹಾರುತ್ತಿರುವಾಗ ಒಂದೊಂದೇ ತೆಗೆದು ಕೊಡುತ್ತಿದ್ದಾಳೆ.

ತೆಳ್ಳಗಿನದು ಹಾಕಿಸಿದ್ದಾಯಿತು. ಅಂಗಡಿಯವರು ಗಾಳಿಯ ಪೈಪು ಹಿಡಿದು, "ಎಷ್ಟು ಹಾಕ್ಲಿ?" ಎಂದರು.

ಇಲ್ಲಿ ಮತ್ತೆ ಜಗಳ. ಕಾರಿನ ಬಾಗಿಲ ಒಳಗಡೆ ಒಂದು ಚೀಟಿ ಅಂಟಿಸಿತ್ತು, ಅದರಲ್ಲಿ ಗಾಳಿಯ ಒತ್ತಡ ಮೂವತ್ತಮೂರು ಎಂದಿತ್ತು. ಟಯರಿನ ಪಕ್ಕೆಯಲ್ಲಿ ಐವತ್ತೊಂದು ಎಂದು ಕೊರೆದಿತ್ತು. ಭಾವ ಈಗ ಆ ಕಡೆಗೆ ವಾಲಿದ್ದರು. ಮೆತ್ತಗೆ ಮಾಡಿ ಕೆಟ್ಟಿತು, ಕಲ್ಲಿನ ಹಾಗೆ ಮಾಡಿದರೆ ಒಳ್ಳೆಯದು ಎಂದು.

"ಐವತ್ತೊಂದು ಹಾಕಿ! ಟಯರ್ ಮೇಲೇ ಬರ್ದದೆ!"

"ಅಯ್ಯೋ, ಅದು ಇದಕ್ಕಿಂತ ಮೇಲೆ ಹೋಗ್ಬೇಡಿ ಅಂತ ಬರೆದದ್ದು ಭಾಯಿ. ಅಷ್ಟು ಹಾಕಿದ್ರೆ ಈ ಬಿಸಿಲಿಗೆ ಗಾಡಿ ಚೆಂಡಿನ ಹಾಗೆ ಹಾರ್ತದೆ, ಬ್ರೇಕೂ ಹಿಡಿಯೋದಿಲ್ಲ. ನಾನು ಹೈವೇಯವರಿಗೆಲ್ಲ ನಲವತ್ತು ಹಾಕೋದು."

"ಚೀಟಿಯಲ್ಲಿ ಮೂವತ್ಮೂರು ಅದೆ," ಎಂದೆ ನಾನು. ಅಂಟಿಸಿದ್ದನ್ನು ನಂಬುವವನು ನಾನು.

"ಮೂವತ್ತಾರು." ಮಗಳ ದನಿ ಈಗ ಸಣ್ಣಗಾಗಿತ್ತು, ನಾವೆಲ್ಲ ಬಗ್ಗಿ ಕೇಳಬೇಕಾಯಿತು. "ಚೀಟಿ ಕಂಪನಿ ಟಯರಿಂದು. ಇದ್ರೊಳ್ಗೆ ಗಾಳಿಗೆ ಜಾಗ ಕಮ್ಮಿ, ಅದ್ಕೇ ಸ್ವಲ್ಪ ಹೆಚ್ಚು ಬೇಕು. ಮೂವತ್ತಾರು ಹೇಳಿದ್ರು. ನಾಲ್ಕಕ್ಕೂ."

"ಗಾಡಿ ಓಡಿದ ಮೇಲೋ, ಓಡೋ ಮುಂಚೆಯೋ ಬೇಟಿ?" ಎಂದರು ಅಂಗಡಿಯವರು. "ಬಿಸಿ ಟಯರು ಹೆಚ್ಚು ತೋರಿಸ್ತದೆ."

ಅವಳು ನೆನಪು ಮಾಡಿಕೊಳ್ಳಲು ಹಣೆ ಸುಕ್ಕಾಗಿಸಿದಳು. ಆ ಗಳಿಗೆಯಷ್ಟು ಉದ್ದದ ಗಳಿಗೆಯನ್ನು ನಾನು ಕಂಡಿಲ್ಲ. "ಬೆಳ್ಗೆ," ಎಂದಳು. "ಬೆಳ್ಗೆ ಎದ್ದು, ಗಾಡಿ ಓಡೋ ಮುಂಚೆ ನೋಡ್ತಿದ್ರು."

ಅಂಗಡಿಯವರು ಬೆರಳು ಮಡಿಸಿದರು. ಈಗ ಹಾಕಿದ ತಣ್ಣಗಿನ ಟಯರಿಗೆ ಮೂವತ್ತಾರು. ಓಡಿ ಕಾದಿರುವ ಉಳಿದ ಮೂರು ಟಯರಿಗೆ ಮೂರು ಸೇರಿಸಿ ಮೂವತ್ತೊಂಬತ್ತು. ಆ ಮೂರರ ಗಾಳಿ ಅಳೆದಾಗ, ಅಷ್ಟು ಕಾದಿದ್ದರೂ, ಮುಳ್ಳು ಇಪ್ಪತ್ತನಾಲ್ಕರ ಹತ್ತಿರ ನಿಂತಿತು. ಭಾವ ಆ ಮುಳ್ಳನ್ನು ನೋಡುತ್ತ ನಿಂತರು. ಪೈಪಿನ ಸದ್ದು ಕೇಳುತ್ತಿತ್ತು. ಹೊರಡುವಾಗ ಕೀಲಿಯಿಂದ ಹೊರಗೆ ಬಿಟ್ಟಿದ್ದು ಅದೇ ಸದ್ದು, ಈಗ ಒಳಗೆ ಹೋಗುತ್ತಿತ್ತು.

ಹೊರಡುವಾಗ ಅಂಗಡಿಯವರು ಭಾವನ ಹತ್ತಿರ, "ಕುಕ್ಕುತ್ತದೆ. ಕುಕ್ಕಲಿ. ನೀವು ಹೆದರಬೇಡಿ," ಎಂದರು.

ಕುಕ್ಕಿತು. ಶಿರಾಲಿಯಲ್ಲಿ ಕುಕ್ಕಿತು, ಭಟ್ಕಳ ಪೇಟೆಯಲ್ಲಿ ಕುಕ್ಕಿತು. ಪ್ರತಿ ಗುಂಡಿಗೂ ಮಗಳು ಹಲ್ಲು ಕಚ್ಚುತ್ತಿದ್ದಳು. ಪ್ರತಿ ಗುಂಡಿಗೂ ಭಾವ, "ತಂಗಿ, ಸ್ವಲ್ಪ ತಡ್ಕ, ತಡ್ಕ," ಎನ್ನುತ್ತಿದ್ದರು. ಆದರೆ ಠಣ್ ಎಂಬ ಸದ್ದು ಬರಲಿಲ್ಲ. ನಾನು ಅದೊಂದಕ್ಕೇ ಕಿವಿ ಕೊಟ್ಟು ಕೂತಿದ್ದೆ. ಹೊಸ ಹೆದರಿಕೆ ಈಗ. ಟಯರು ತಡೆಯುತ್ತದೆ, ಹೊತ್ತು ಉಳಿಯುವುದಿಲ್ಲ. ಬೈಂದೂರು ದಾಟಿದ ಮೇಲೆ ಮಗಳು ಉತ್ತರ ಕೊಡುವುದು ನಿಂತಿತು. ಭಾವ "ಹೆಂಗದೆ ತಂಗಿ?" ಎಂದರು. ಮತ್ತೆ ಕೇಳಿದರು. ನನಗೆ ಹಿಂದೆ ತಿರುಗಿ ನೋಡಲು ಆಗಲಿಲ್ಲ. ಹೇಳಿದರೆ ನಂಬುವುದಿಲ್ಲ ನೀವು, ಹೆತ್ತ ಮಗಳನ್ನು ಕತ್ತು ತಿರುಗಿಸಿ ನೋಡಲು ಆಗಲಿಲ್ಲ. ಹೆದರಿಕೆ ಬಾಯಿಗೆ ಬಂದಿತ್ತು.

"ಅವಳ ಮುಷ್ಟಿ ನನ್ನ ಸೆರಗನ್ನ ಹಿಡ್ಕಂಡದೆ," ಎಂದಳು ಹೆಂಡತಿ. "ನೀವು ಹೋಗಿ ಅಣ್ಣಾ. ಹಿಡ್ಕಂಡದೆ. ಬಿಡ್ಲಿಲ್ಲ."

ಭಾವ ಹೋದರು. ಗಟ್ಟಿ ಟಯರಿನ ಮೇಲೆ ಆ ಕಾರು ಗೆರೆ ಎಳೆದ ಹಾಗೆ ಹೋಯಿತು. ಹೊರಟಾಗಿನ ಹಾಗೆ ತೇಲಲಿಲ್ಲ. ಇಷ್ಟು ಹೊತ್ತಿಗೆ ನನಗೆ ಅರ್ಥವಾಗಿತ್ತು, ಈ ಬಗೆಯ ಟಯರಿಗೆ ಮೆತ್ತಗಿರುವ ಅವಕಾಶವೇ ಇಲ್ಲ. ಅದರಲ್ಲಿರುವ ಅಷ್ಟು ಗಾಳಿಯೇ ಅದರ ಬೆನ್ನೆಲುಬು.

ಆಸ್ಪತ್ರೆಯ ಬಾಗಿಲಲ್ಲಿ ಸ್ಟ್ರೆಚರು ಬಂತು. ಮಗಳ ಮುಷ್ಟಿಯಿಂದ ಸೆರಗನ್ನು ಬಿಡಿಸಲು ನರ್ಸು ಒಂದೊಂದೇ ಬೆರಳು ಎತ್ತಬೇಕಾಯಿತು. ಒಳಗೆ ಕರೆದುಕೊಂಡು ಹೋದರು, ಬಾಗಿಲು ಮುಚ್ಚಿತು. ಹೆಂಡತಿ ಅಲ್ಲಿಯೇ ನೆಲದ ಮೇಲೆ ಕೂತಳು. ನಾನು ಹೊರಗೆ ಬಂದು ನೋಡಿದರೆ ಭಾವ ಕಾರಿನ ಪಕ್ಕದಲ್ಲಿ ನಿಂತು, ಆ ಟಯರಿಗೆ ಅಂಗೈ ಒತ್ತಿ ಹಿಡಿದಿದ್ದರು. ಟಯರು ಕಾದಿತ್ತು. ಅವರು ಕೈ ತೆಗೆಯಲಿಲ್ಲ.

ಅಂದು ದೀಪ ಹಚ್ಚುವ ಹೊತ್ತಿಗೆ ಹೊಟ್ಟೆ ಕೊಯ್ದು ಮಗುವನ್ನು ತೆಗೆದರು. ಹೆಣ್ಣು. ಅಂಗೈಯಗಲದ್ದು. ಇನ್ನೂ ಸ್ವಲ್ಪ ತಡವಾಗಿದ್ದರೆ ಎಂದು ಶುರುಮಾಡಿದ ಡಾಕ್ಟರು ನಮ್ಮ ಮುಖ ನೋಡಿ ಆ ಮಾತನ್ನು ಅಲ್ಲಿಗೇ ಬಿಟ್ಟರು. ಮಗು ಗಾಜಿನ ಪೆಟ್ಟಿಗೆಯಲ್ಲಿ ಇತ್ತು, ಮಗಳಿಗೆ ಜ್ಞಾನ ಬರಲು ಮರುದಿನವಾಯಿತು. ಬೋಟು ದಡಕ್ಕೆ ಬಂದ ಮೇಲೆ ಅಳಿಯ ನೇರ ಆಸ್ಪತ್ರೆಗೆ ಬಂದ. ಭಾವ ಅವನನ್ನು ಬಾಗಿಲಲ್ಲಿಯೇ ತಡೆದು, ಎಲ್ಲ ಹೇಳಿದರು, ಕೀಲಿಯಿಂದ ಹಿಡಿದು. ಅಳಿಯ ಬೈಯಲಿಲ್ಲ. ಬೈದಿದ್ದರೆ ಭಾವನಿಗೆ ಹಗುರಾಗುತ್ತಿತ್ತೇನೋ. "ಮಾವಾ, ಸ್ಟೆಪ್ನಿ ತರ್ತೆ, ತರ್ತೆ ಹೇಳಿ ನಾನೂ ಮುಂದೆ ಹಾಕಿದ್ದೆ," ಎಂದು ಮಾತ್ರ ಹೇಳಿ ಒಳಗೆ ಹೋದ.

ಮಳೆ ಹಿಡಿದ ಮೇಲೆ ತಾಯಿ-ಮಗುವನ್ನು ಮನೆಗೆ ಕರೆತರುವ ದಿನ ಬಂತು. ಅದೇ ಕಾರು. ಸ್ಪೀಕರು ಹೋಗಿ ಕುಳಿಯಲ್ಲಿ ಸ್ಟೆಪ್ನಿ ಕೂತಿತ್ತು. ಅಳಿಯ ಸ್ಟಿಯರಿಂಗನ್ನು ಭಾವನಿಗೇ ಕೊಟ್ಟ. ಭಾವ ಹತ್ತುವ ಮೊದಲು, ಎಂಜಿನ್ ಶುರುಮಾಡುವ ಮೊದಲು, ಜೇಬಿನಿಂದ ಗಾಳಿ ಅಳೆಯುವ ಮೀಟರು ತೆಗೆದು ಕೆಳಗೆ ಕೂತರು.

"ಎಷ್ಟು ತಂಗಿ?"

"ಮೂವತ್ತಾರು ಮಾವಾ."

ನಾಲ್ಕೂ ಚಕ್ರ ನೋಡಿದರು. ಹೊರಟೆವು. ಕುಂದಾಪುರ, ಭಟ್ಕಳ, ಕಾಯ್ಕಿಣಿ ದಾಟಿದೆವು. ಶರಾವತಿಯ ಸೇತುವೆಯ ಅಂಚು ಬಂತು. ಭಾವ ನಿಧಾನ ಮಾಡಿದರು, ಆದರೂ ಕಾರು ಕುಕ್ಕಿತು. ಮಗು ಬೆಚ್ಚಿ ಎದ್ದು, ಆ ಸಣ್ಣ ಗಂಟಲಿನಲ್ಲಿ ಎಷ್ಟಾಗುತ್ತದೋ ಅಷ್ಟು ಅತ್ತಿತು. ಭಾವ ನಿಲ್ಲಿಸಲಿಲ್ಲ, ಗಾಳಿ ಇಳಿಸುವ ಮಾತೂ ಆಡಲಿಲ್ಲ. ಮಗು ಹೊನ್ನಾವರ ದಾಟುವವರೆಗೂ ಅಳುತ್ತಲೇ ಬಂತು.